ಮೂರನೆಯ ಮೊಲ

ಮಾರ್ಚ್ 3, ಸೋಮವಾರ

ನಲವತ್ತೆಂಟು ಗಂಟು. ಬೀನ್ಸ್ ಗಿಡದ ಬೇರಿನಿಂದ ಬಿಡಿಸಿ, ತೊಳೆದು, ಒಂದೊಂದನ್ನೂ ಒಂದೊಂದು ಕೊಳವೆಯಲ್ಲಿ ಅರೆದು, ಕುದಿಯುವ ನೀರಲ್ಲಿ ಇಟ್ಟು ತೆಗೆದದ್ದಾಯಿತು. ಆಮೇಲೆ ಗಾಜಿನ ಸ್ಲೈಡು. ಗಂಟಿನ ರಸ ಒಂದು ಹನಿ, ಮೊಲದ ಸೀರಮ್, ಅಂದರೆ ರಕ್ತದ ತಿಳಿ, ಒಂದು ಹನಿ. ಎರಡು ನಿಮಿಷ ಅತ್ತಿತ್ತ ತೂಗುವುದು. ಒಡೆದ ಹಾಲಿನಂತೆ ಕಾಳು ಕಟ್ಟಿದರೆ ಹೌದು, ಒಳಗಿರುವುದು ನಮ್ಮ 31ನೇ ನಂಬರಿನ ಬ್ಯಾಕ್ಟೀರಿಯಾ. ಹಾಗೆಯೇ ಉಳಿದರೆ ಅಲ್ಲ. ಇಪ್ಪತ್ತಾರು ವರ್ಷದ ಸರ್ವಿಸು ಇಷ್ಟೇ — ಹೌದು, ಅಲ್ಲ.

ಇವತ್ತು ಹೌದು ಮೂವತ್ತೊಂಬತ್ತು. ಮೊದಲು ಮೂವತ್ತೆಂಟು ಎಂದು ಬರೆದಿದ್ದೆ. ಒಂದು ಗೆರೆ ಎಳೆದು, ಸರಿ ಅಂಕಿ ಬರೆದು, ಪಕ್ಕದಲ್ಲಿ ಸಹಿ, ತಾರೀಖು, ಕಾರಣ: ಎಣಿಕೆ ತಪ್ಪು. ನಮ್ಮ ಲ್ಯಾಬಿನ ಮುಖ್ಯಸ್ಥರು, ದೊಡ್ಡವರು, ಕಲಿಸಿದ ಪಾಠ. ಅಳಿಸಬಾರದು, ಮೆತ್ತಬಾರದು, ತಪ್ಪು ಕಾಣುವ ಹಾಗೆ ತಿದ್ದಬೇಕು.

ಮಧ್ಯಾಹ್ನ ಪ್ರಶ್ನೆ ಬಂದಳು. ಅವಳಿಗೆ ಲ್ಯಾಬಿನವರು ಇಟ್ಟ ಹೆಸರು. ದೊಡ್ಡವರ ಕೈಕೆಳಗೆ ಪಿಎಚ್‌ಡಿ, ಮೂರನೇ ವರ್ಷ. ಅವೇ ನಲವತ್ತೆಂಟು ಕೊಳವೆಗಳನ್ನು ತಾನು ಹೊಸ ಮೊಲದಿಂದ ಮಾಡಿಕೊಂಡ ಸೀರಮ್‌ನಲ್ಲಿ ನೋಡಿದ್ದಾಳೆ.

"ಮೇಡಂ, ಒಂದು ಪ್ರಶ್ನೆ."

"ಒಂದೇನಾ?"

"ನಿಮಗೆ ಮೂವತ್ತೊಂಬತ್ತು ಬಂತು. ನನಗೆ ನಾಲ್ಕು. ಗಂಟೂ ಅದೇ, ಕೊಳವೆನೂ ಅದೇ."

"ನಿನ್ನ ಸೀರಮ್ ನೀರಾಗಿರಬೇಕು."

"ಶುದ್ಧ 31ರ ಮೇಲೆ ಹಾಕಿದರೆ ಕಣ್ಣು ಮಿಟುಕಿಸೋದರೊಳಗೆ ಒಡೆಯತ್ತೆ. ನೀರಲ್ಲ ಮೇಡಂ."

ಎದ್ದು ಸಿಂಕಿನ ಕಡೆ ಹೋದೆ. ಸ್ಲೈಡು ತೊಳೆಯುವುದಿತ್ತು.

ಮಾರ್ಚ್ 5, ಬುಧವಾರ. ಆಸ್ಪತ್ರೆ, ಬೆಳಿಗ್ಗೆ 10

ಅತ್ತೆಗೆ ಕಣ್ಣಿನ ಪೊರೆ ತೆಗೆಸುವುದು. ಹಣೆಯ ಮೇಲೆ, ಬಲಗಣ್ಣಿನ ನೇರಕ್ಕೆ, ಪೆನ್ನಿನಲ್ಲಿ ಬಾಣದ ಗುರುತು. ಯಾವ ಕಣ್ಣು ಎಂದು ಮೂವರು ಬಂದು ಕೇಳಿದರು. ಮೂರನೆಯವರಿಗೆ ಅತ್ತೆ — "ಈಗಾಗಲೇ ಇಬ್ಬರಿಗೆ ಹೇಳಿದೀನಲ್ಲಪ್ಪ. ನಿಮ್ಮ ನಿಮ್ಮಲ್ಲಿ ಮಾತು ಬಿಟ್ಟಿದೀರಾ?"

ಕಾಯುವಾಗ ಬೇಸರಕ್ಕೆ ನನ್ನನ್ನು ಹಿಡಿದುಕೊಂಡರು. "ಇಷ್ಟು ವರ್ಷ ಆಯ್ತು, ನೀನು ಅಲ್ಲಿ ಮಾಡೋದೇನು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಹೇಳಿದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮಣ್ಣಲ್ಲಿ ಇರ್ತಾವೆ ಅತ್ತೆ. ಗಿಡದ ಬೇರಿಗೆ ಹೊಕ್ಕು ಗಂಟು ಕಟ್ಟಿಕೊಂಡು ಕೂರ್ತಾವೆ. ಗಿಡ ಅವಕ್ಕೆ ಊಟ ಹಾಕತ್ತೆ, ಅವು ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡ್ತಾವೆ.

"ಬಾಡಿಗೆಗೆ ಇದ್ದ ಹಾಗೆ."

"ಹೂಂ. ಕೆಲವು ಬಾಡಿಗೆ ಸರಿಯಾಗಿ ಕೊಡ್ತಾವೆ. ಕೆಲವು ಉಂಡು ಮಲಗ್ತಾವೆ. ನಮ್ಮ ದೊಡ್ಡವರು ಒಳ್ಳೇದೊಂದನ್ನ ಆರಿಸಿದ್ರು. ಮೂವತ್ತೊಂದನೇ ನಂಬರಿನದು. ಅದನ್ನ ಕಪ್ಪು ಪುಡಿಯಲ್ಲಿ ಕಲಸಿ ಪ್ಯಾಕೆಟ್ ಮಾಡಿ ಕೊಡ್ತೀವಿ. ಬೆಳೆಯೋರು ಬೀಜಕ್ಕೆ ಹಚ್ಚಿ ಬಿತ್ತುತ್ತಾರೆ. ಆಮೇಲೆ ಗಂಟಲ್ಲಿ ಕೂತಿರೋದು ನಾವು ಕಳಿಸಿದ್ದಾ, ಅಲ್ಲೇ ಮಣ್ಣಲ್ಲಿ ಇದ್ದದ್ದಾ ಅಂತ ನಾನು ನೋಡೋದು."

"ಮುಖ ನೋಡಿದರೆ ಗೊತ್ತಾಗಲ್ವಾ?"

"ಎಲ್ಲಕ್ಕೂ ಒಂದೇ ಮುಖ. ಅದಕ್ಕೇ ಮೊಲ. 31ನ್ನ ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟತ್ತೆ. ಗುರುತು ಇಟ್ಕೊಳ್ಳತ್ತೆ ಅನ್ನಿ. ಮತ್ತೆ 31 ಸಿಕ್ಕರೆ ಹಿಡಿದು ಗುಂಪು ಹಾಕಿಬಿಡತ್ತೆ. ಬೇರೇದನ್ನ ಮುಟ್ಟಲ್ಲ."

"ಆ ಮೊಲ? ಆಮೇಲೆ?"

ಅಷ್ಟರಲ್ಲಿ ಒಳಗಿಂದ ಕರೆದರು.

ಮಾರ್ಚ್ 7, ಶುಕ್ರವಾರ

ಅತ್ತೆಯ ಕಣ್ಣಿನ ಕಟ್ಟು ಬಿಚ್ಚಿದ್ದಾರೆ. ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ.

"ಪರದೆ ನೀಲಿ ಅಂದಿದ್ರಿ. ಇದು ಹಸಿರು." ಆಮೇಲೆ ನನ್ನನ್ನು ಹತ್ತಿರ ಕರೆದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ — "ನಿಂಗೆ ಯಾವಾಗ ಇಷ್ಟು ವಯಸ್ಸಾಯ್ತೇ?"

"ಮೊನ್ನೆ ನೀವು ಆಪರೇಷನ್‌ಗೆ ಹೋಗಿದ್ದಾಗ."

ಇವರು ನಕ್ಕರು. ಅತ್ತೆ ಮಗನ ಕಡೆ ತಿರುಗಿದರು. "ನೀನೇನೋ ನಗೋದು? ನಿನ್ನ ಕೂದಲೆಲ್ಲಿ?"

ಸಂಜೆ ಕಿಟಕಿಯ ಹತ್ತಿರ ಕೂತಿದ್ದರು. ಬೆರಳಿನಿಂದ ಗಾಜನ್ನು ಉಜ್ಜಿದರು. ಬೆರಳು ನೋಡಿಕೊಂಡರು. "ನನ್ನ ಕಣ್ಣು ಮಂಜು ಅಂತ ಎಷ್ಟು ವರ್ಷ ಅಂದ್ಕೊಂಡಿದ್ದೆ. ಅರ್ಧ ಗಾಜಿನ ಕೊಳೆ."

ಒರೆಸಿದೆ. ನಿಜ.

ಮಾರ್ಚ್ 10, ಸೋಮವಾರ

ದೊಡ್ಡವರ ರೂಮು. ನಾನು, ಪ್ರಶ್ನೆ, ಅವರು. ಅವರ ಹಿಂದೆ ಗೋಡೆಯ ಮೇಲೆ ಮೊದಲ ಪ್ಯಾಕೆಟ್ ಫ್ರೇಮಿನಲ್ಲಿ. ಹನ್ನೆರಡು ವರ್ಷದ ಹಿಂದಿನದು, ಹಸಿರು ಬಣ್ಣ ಹಳದಿಗೆ ತಿರುಗಿದೆ. ಏಪ್ರಿಲ್ ಮೂವತ್ತಕ್ಕೆ ಅವರ ನಿವೃತ್ತಿ. ಅದಕ್ಕೆ ಮುಂಚೆ, ಈ ಇಪ್ಪತ್ತೆಂಟಕ್ಕೆ, ಕಮಿಟಿ ಬರುತ್ತದೆ. ಒಪ್ಪಿದರೆ ಬೀನ್ಸ್ ಬೆಳೆಯುವ ಕಡೆಗೆಲ್ಲ 31 ಒಂದೇ. ಬೇರೆ ತಳಿ ಹುಡುಕುವ ಕೆಲಸ ಅಲ್ಲಿಗೆ ಮುಗಿದಂತೆ.

ಪ್ರಶ್ನೆ ಒಂದು ತಟ್ಟೆ ತಂದಿದ್ದಳು. ಬ್ಲೇಡಿನಿಂದ ಎರಡು ಹೋಳು ಮಾಡಿದ ಗಂಟುಗಳು. ಒಳಗೆ ಬಿಳಿ. ಕೆಲವು ಹಸಿರುಬಿಳಿ.

"ಸರ್, ಕೆಲಸ ಮಾಡೋ ಗಂಟು ಕೊಯ್ದರೆ ಒಳಗೆ ಕೆಂಪಗಿರತ್ತೆ. ಕುಂಡದಲ್ಲಿ ಬರೀ 31 ಹಾಕಿ ಬೆಳೆಸಿದರೆ ಎಲ್ಲ ಕೆಂಪು. ಹೊಲದಲ್ಲಿ ನೂರಕ್ಕೆ ಎಂಬತ್ತು ನಮ್ಮದೇ ಅಂದರೆ, ಅವು ಯಾಕೆ ಬಿಳಿ?"

"ಹೊಲ ಕುಂಡ ಅಲ್ಲಮ್ಮ."

"ನನ್ನ ಸೀರಮ್ ಆ ಬಿಳಿಯವನ್ನ ಹಿಡಿಯಲ್ಲ. ಹಳೇದು ಹಿಡಿಯತ್ತೆ."

"ಹಾಗಾದರೆ ನಿನ್ನ ಮೊಲ ಸರಿಯಿಲ್ಲ." ಸಿಟ್ಟಿಲ್ಲದೆ ಹೇಳಿದರು. ಅವರಿಗೆ ಸಿಟ್ಟು ಬರುವುದಿಲ್ಲ. "ಹಳೇ ಸೀರಮ್ ಹದಿನಾಲ್ಕು ವರ್ಷದಿಂದ ಒಂದೇ ಮಾತು ಹೇಳ್ತಿದೆ. ಆ ಬಿಳಿಯವು 31ರ ನೆಂಟರಿರಬಹುದು, ಮುಖದ ಛಾಯೆ ಇರತ್ತೆ, ಅಲ್ಲೊಂದು ಇಲ್ಲೊಂದು ಹಿಡಿದಿರತ್ತೆ. ಥೀಸಿಸ್‌ನ ಈ ಅಧ್ಯಾಯವನ್ನ ಹಳೇ ಸೀರಮ್‌ನಲ್ಲಿ ಮತ್ತೆ ಮಾಡು. ಅದು ಬಂದರೆ ಸಹಿ ಹಾಕ್ತೀನಿ. ಇಲ್ಲದಿದ್ದರೆ ನಾನು ಹೋದ ಮೇಲೆ ಬೇರೆ ಗೈಡ್ ನೋಡ್ಕೊ." ಆಮೇಲೆ ನನ್ನ ಕಡೆ — "ಏನಮ್ಮಾ? ನೀನು ಹೇಳು. ಆ ಸೀರಮ್ ಮಾಡಿದವಳು ನೀನು."

"ಹೌದು ಸರ್" ಎಂದೆ.

ಯಾವುದಕ್ಕೆ ಹೌದು ಎಂದು ಅವರು ಕೇಳಲಿಲ್ಲ.

ಹೊರಗೆ ಮೊಲದಪ್ಪ ಹುಲ್ಲಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ಮೂವತ್ತು ವರ್ಷದಿಂದ ಮೊಲದ ಮನೆ ನೋಡಿಕೊಳ್ಳುವವನು, ಬಾಗಿಲು ತೆರೆದಿದ್ದರೆ ಎಲ್ಲವೂ ಕೇಳಿಸುತ್ತದೆ. ಪ್ರಶ್ನೆಯ ಮುಖ ನೋಡಿ ಗಾಡಿ ನಿಲ್ಲಿಸಿದ. "ಅಳಬೇಡಿ ಅಮ್ಮಾ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಹಿಡಿದುಕೊಡೋನು ನಾನು, ನಾಲ್ಕೂ ಎಣಿಸಿಯೇ ಕೊಟ್ಟಿರ್ತೀನಿ."

ಅವಳು ನಕ್ಕಳು. ನಾನೂ ನಗಬೇಕಿತ್ತು.

ಮಾರ್ಚ್ 12, ಬುಧವಾರ

ಬರೆದಿಟ್ಟುಬಿಡುವುದು ಒಳ್ಳೆಯದು. ಇದ್ದದ್ದು ಇದ್ದ ಹಾಗೆ.

ಹದಿನಾಲ್ಕು ವರ್ಷದ ಹಿಂದೆ. ಶನಿವಾರ. ಒಂದು ಗಂಟೆಗೆ ಮೊಲದ ಮನೆಗೆ ಬೀಗ. ಆಗ 7 ಎಂಬ ತಳಿಯ ಮೇಲೆ ಕೆಲಸ ಮುಗಿದಿತ್ತು. 7 ನಮ್ಮ ಹೊಲದ ಮಣ್ಣಲ್ಲೇ ಸಿಕ್ಕಿದ್ದು, ಗಂಟು ಧಾರಾಳವಾಗಿ ಕಟ್ಟುತ್ತಿತ್ತು, ಕೆಲಸ ಮಾಡುತ್ತಿರಲಿಲ್ಲ. ಉಂಡಾಡಿ. ಅದನ್ನು ಕೈಬಿಟ್ಟು ಕಸಕ್ಕೆ ಹಾಕಿದರು. 7 ಚುಚ್ಚಿಸಿಕೊಂಡ ಮೊಲಗಳು ಮೂರು. ಒಂದು ಮೊಲಕ್ಕೆ ಒಂದೇ ತಳಿ, ಕೆಲಸ ಮುಗಿದ ಮೊಲವನ್ನು ಇಟ್ಟುಕೊಳ್ಳುವಂತಿಲ್ಲ — ನಿಯಮ. ದೊಡ್ಡವರು ಹೇಳಿದರು, ಮೂರನ್ನೂ ಇವತ್ತು ಮುಗಿಸಿಬಿಡು.

ರಿಜಿಸ್ಟರ್ ಮೊದಲು ಬರೆದೆ, ಕೆಲಸ ಆಮೇಲೆ. ಶನಿವಾರದ ಅಭ್ಯಾಸ. ಬೀಗ ಹಾಕುವವನು ಪುಸ್ತಕಕ್ಕಾಗಿ ಕಾಯಬಾರದೆಂದು. 'ಮೊಲ 3 — ಮುಗಿಯಿತು.' ಸಹಿ.

ಎದೆಗೆ ಸೂಜಿ ಚುಚ್ಚಿ ಎರಡನ್ನು ಮುಗಿಸಿದೆ. ಮೂರನೆಯದು ಬೂದು ಬಣ್ಣದ್ದು, ಎಡಕಿವಿಯ ತುದಿ ಹರಿದದ್ದು. ಕೈ ನೋಯುತ್ತಿತ್ತು. ಸೂಜಿ ಕಟ್ಟಿಕೊಂಡಿತ್ತು. ಗಂಟೆ ಒಂದಕ್ಕೆ ಹತ್ತು ನಿಮಿಷ. ಸೋಮವಾರ ಮಾಡಿದರಾಯಿತು ಎಂದು ಖಾಲಿ ಇದ್ದ ಪಂಜರವೊಂದರಲ್ಲಿ ಬಿಟ್ಟೆ. ಕರುಣೆ ಎಂದು ಬರೆದರೆ ಸುಳ್ಳಾದೀತು.

ಭಾನುವಾರ ಜ್ವರ. ಕಾಮಾಲೆ ಎಂದರು. ಮೂರು ವಾರ ಹಾಸಿಗೆ.

ತಿರುಗಿ ಬಂದಾಗ 31ರ ಕೆಲಸ ಶುರುವಾಗಿತ್ತು. ಅದೇ ಸಾಲಿನ ಪಂಜರಗಳಲ್ಲಿ ಹೊಸ ಮೊಲಗಳು. ಅವುಗಳ ನಡುವೆ ಹರಿದ ಕಿವಿ. ಅದಕ್ಕೂ ಹೊಸ ನಂಬರು. ಅದಕ್ಕೂ 31ನ್ನು ಎರಡು ಸಲ ಚುಚ್ಚಿಯಾಗಿತ್ತು.

ಚುಚ್ಚುವ ಮುಂಚೆ ರಕ್ತ ಪರೀಕ್ಷಿಸುತ್ತಾರೆ. ಪರೀಕ್ಷಿಸಿದ್ದರು, 31ರ ಮೇಲೆ. ಒಡೆಯಲಿಲ್ಲ, ಆದ್ದರಿಂದ ಶುದ್ಧ. 7ರ ಮೇಲೆ ಯಾರೂ ಹಾಕಿ ನೋಡಲಿಲ್ಲ. 7 ಕಸದಲ್ಲಿತ್ತು. ಕೇಳಿದ್ದಕ್ಕಷ್ಟೇ ಮೊಲ ಉತ್ತರ ಕೊಟ್ಟಿತು.

ಆ ಸಾಲಿನಲ್ಲಿ ಎಲ್ಲಕ್ಕಿಂತ ಗಟ್ಟಿ ಸೀರಮ್ ಹರಿದ ಕಿವಿಯದೇ ಬಂತು. ಅದನ್ನೇ ಆರಿಸಿದರು. ನಾನು ಬಾಯಿ ಬಿಡಲಿಲ್ಲ. ಏನೂ ಆಗಲಿಕ್ಕಿಲ್ಲ ಅನ್ನಿಸಿತು. ಆರು ತಿಂಗಳ ಮೇಲೆ ಅದನ್ನು ಮುಗಿಸಿದವಳೂ ನಾನೇ. ಅವತ್ತು ಕೈ ನೋಯಲಿಲ್ಲ.

ಆ ರಕ್ತಕ್ಕೆ ಇಬ್ಬರ ಗುರುತು. 7ಕ್ಕೂ ಹೌದು, 31ಕ್ಕೂ ಹೌದು. ಹೊಲದ ತುಂಬ ಇರುವುದು 7. ಹದಿನಾಲ್ಕು ವರ್ಷದಿಂದ ಉಂಡಾಡಿಯ ಗಂಟುಗಳನ್ನು ನಮ್ಮವು ನಮ್ಮವು ಎಂದು ಎಣಿಸಿದ್ದೇನೆ.

ಇರಬಹುದು. ಖಾತ್ರಿ ಇಲ್ಲ.

ಮಾರ್ಚ್ 13, ಗುರುವಾರ

ಖಾತ್ರಿ ಮಾಡಿಕೊಳ್ಳಲು ಸಾಧ್ಯ. ಫ್ರೀಜರಿನಲ್ಲಿ ಹಳೆಯ ಸೀರಮ್ ಮೂರು ಸೀಸೆ ಉಳಿದಿದೆ. ಒಂದೊಂದೂ ಕಿರುಬೆರಳಿನಷ್ಟು. ಇನ್ನು ಅದನ್ನು ಮಾಡಲು ಆ ಮೊಲ ಇಲ್ಲ.

ಹೊರಗೆ ತೆಗೆದೆ. ಮೇಜಿನ ಮೇಲೆ ಇಟ್ಟೆ. ಹಾಗೇ ಮರೆತು ಹೋದರೆ ನಾಲ್ಕು ದಿನದಲ್ಲಿ ಕೆಟ್ಟು ಹೋಗುತ್ತದೆ. ಯಾರೂ ಏನೂ ಅನ್ನಲಾರರು. ವಯಸ್ಸಾಯಿತು, ಮರೆವು ಎಂದಾರು. ಆಮೇಲೆ ಪ್ರಶ್ನೆಯ ಸೀರಮ್ ಒಂದೇ. ಎರಡು ಅಂಕಿಗಳ ಜಗಳ ಯಾವತ್ತಿಗೂ ತೀರದೆ ತಣ್ಣಗಾಗುತ್ತದೆ.

ಐದು ನಿಮಿಷ ನೋಡುತ್ತ ಕೂತೆ. ಸೀಸೆಯ ಹೊರಗೆ ಬೆವರು. ಮತ್ತೆ ಒಳಗಿಟ್ಟೆ.

ಮೊಲದ ಮನೆಗೆ ಹೋದೆ. ಮೊಲದಪ್ಪ ನೀರಿನ ಬಾಟಲಿ ತುಂಬಿಸುತ್ತಿದ್ದ. ಸುತ್ತು ಹಾಕದೆ ಕೇಳಿದೆ — ಬಹಳ ಹಿಂದೆ ಹರಿದ ಕಿವಿಯದೊಂದು ಇತ್ತು, ನೆನಪಿದೆಯಾ?

"ಎಡಕಿವಿ. ಬೂದು. ಎರಡು ಸಲ ಬಂತಲ್ಲ ಅದು."

"ಎರಡು ಸಲ?"

"ಒಂದು ಸಲ ಹಳೇ ನಂಬರು, ಇನ್ನೊಂದು ಸಲ ಹೊಸ ನಂಬರು. ನೀವು ಕಾಯಿಲೆ ಬಿದ್ದಿದ್ರಲ್ಲ, ಆಗ."

"ಯಾರಿಗೂ ಹೇಳಲಿಲ್ವಾ ನೀನು?"

ಬಾಟಲಿಯ ಮುಚ್ಚಳ ತಿರುಗಿಸಿದ. "ಯಾರು ಕೇಳಿದ್ರು ಮೇಡಂ? ನೀವೆಲ್ಲ ಓದಿದೋರು. ಬೇಕು ಅಂತಲೇ ಮಾಡಿರ್ತೀರ ಅಂದ್ಕೊಂಡೆ."

ಮಾರ್ಚ್ 20, ಗುರುವಾರ

ಒಂದು ವಾರ ಬರೆದಿಲ್ಲ. ಬರೆಯಲು ಇರಲಿಲ್ಲ ಎಂದಲ್ಲ.

ಪ್ರಶ್ನೆ ಹಳೆಯ ಸೀರಮ್‌ನಲ್ಲಿ ಅಧ್ಯಾಯವನ್ನು ಮತ್ತೆ ಮಾಡುತ್ತಿದ್ದಾಳೆ. ಮೊದಲೇ ತೆಳುಮಾಡಿಟ್ಟ ಬಾಟಲಿ ನನ್ನ ಬೆಂಚಿನದು, ನಾನೇ ಕೊಟ್ಟೆ. ನಲವತ್ತೆಂಟಕ್ಕೆ ಮೂವತ್ತೆಂಟು ಬಂದಿದೆ. ಪುಸ್ತಕದಲ್ಲಿ ನೀಟಾಗಿ ಬರೆದಿದ್ದಾಳೆ.

ಪಕ್ಕದ ಬೆಂಚಿನವನು ತಮಾಷೆಗೆ, "ಏನಮ್ಮ, ಈ ವಾರ ಒಂದೂ ಪ್ರಶ್ನೆ ಇಲ್ಲ?" ಎಂದ.

"ಉತ್ತರ ಸಿಕ್ತಲ್ಲ ಸರ್" ಎಂದಳು.

ಸಂಜೆ ಅವಳ ತಟ್ಟೆಯನ್ನು ಕಸದ ಬುಟ್ಟಿಯಲ್ಲಿ ನೋಡಿದೆ. ಕೊಯ್ದ ಬಿಳಿ ಗಂಟುಗಳು, ಒಣಗಿ ಮುದುರಿದ್ದವು. ಅವುಗಳಿಂದ ಅವಳು ಬೆಳೆಸಿದ ಬ್ಯಾಕ್ಟೀರಿಯಾದ ಕೊಳವೆ ಮಾತ್ರ ಫ್ರಿಜ್ಜಿನಲ್ಲಿ ಇದೆ. ಅದನ್ನು ಅವಳು ಎಸೆದಿಲ್ಲ. ಮರೆತಿದ್ದಾಳೋ, ಬೇಕೆಂದೇ ಬಿಟ್ಟಿದ್ದಾಳೋ.

ಸೀಸೆ ಹೊರಗಿಟ್ಟು ಕೆಡಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ ಎಂದು ಹದಿಮೂರನೆಯ ತಾರೀಖು ಅಂದುಕೊಂಡಿದ್ದೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 7.15ರಿಂದ

ಲ್ಯಾಬಿನಲ್ಲಿ ಯಾರೂ ಇಲ್ಲ. ಒಂದು ಸೀಸೆ ತೆಗೆದೆ.

ಸೀರಮ್‌ನ ಒಂದು ಪಾಲಿಗೆ 31ರ ಬ್ಯಾಕ್ಟೀರಿಯಾವನ್ನು ಗಂಜಿಯಷ್ಟು ಗಟ್ಟಿಯಾಗಿ ಕಲಸಿದೆ. ಬೆಚ್ಚಗೆ ಎರಡು ಗಂಟೆ. 31ನ್ನು ಹಿಡಿಯಬಲ್ಲ ಪ್ರತಿಕಾಯಗಳೆಲ್ಲ ಅದಕ್ಕೆ ಅಂಟಿಕೊಳ್ಳಲಿ. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಅವು ಕೂಡಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯನ್ನು ಬಸಿದುಕೊಂಡೆ.

ತಿಳಿಯನ್ನು 31ರ ಮೇಲೆ ಹಾಕಿದೆ. ಒಡೆಯಲಿಲ್ಲ. ಸರಿ, 31ರ ಗುರುತು ಪೂರಾ ಹೋಗಿದೆ.

ಅದೇ ತಿಳಿ, ಪ್ರಶ್ನೆಯ ಬಿಳಿ ಗಂಟಿನ ಬ್ಯಾಕ್ಟೀರಿಯಾದ ಮೇಲೆ. ತೂಗಲು ಶುರು ಮಾಡಿದೆ. ಅರ್ಧ ನಿಮಿಷಕ್ಕೇ ಕಾಳು ಕಾಳು.

ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ನೆಂಟಸ್ತನವಾಗಿದ್ದರೆ ಹೀಗಾಗುವಂತಿಲ್ಲ. 31ರಿಂದ ಹುಟ್ಟಿದ ಗುರುತುಗಳೆಲ್ಲ 31ರ ಜೊತೆಯೇ ತಳ ಸೇರಿರಬೇಕಿತ್ತು. ಉಳಿದದ್ದು ಬೇರೆ ಕಡೆಯಿಂದ ಬಂದ ಗುರುತು. ಆ ಮೊಲ ಇನ್ನೊಂದನ್ನು ಬೇರೆಯಾಗಿ, ಬೇರೆ ದಿನ, ಕಂಡಿತ್ತು.

ಎರಡನೇ ಪಾಲನ್ನು ತಿರುಗಾಮುರುಗಾ ಮಾಡಿ ನೋಡಿದೆ. ಬಿಳಿಯದನ್ನು ಕಲಸಿ ತೆಗೆದೆ, ಉಳಿದದ್ದು 31ನ್ನು ಮಾತ್ರ ಹಿಡಿಯಿತು. ಆ ಶುದ್ಧವಾದದ್ದನ್ನು ನಲವತ್ತೆಂಟು ಕೊಳವೆಯ ಮೇಲೆ ಹಾಕಿದೆ. ಹೌದು — ನಾಲ್ಕು.

ಪ್ರಶ್ನೆಯ ನಾಲ್ಕು.

ಸ್ಲೈಡು ತೊಳೆದೆ. ಹನ್ನೆರಡು ವರ್ಷದ ಪ್ಯಾಕೆಟ್ಟು, ವರದಿ, ಬಹುಮಾನ, ಹೊಲಗಳು. ಬಿತ್ತಿದವರು ಇಳುವರಿ ಬರಲಿಲ್ಲ ಎಂದಾಗ ನೀವು ಸರಿಯಾಗಿ ಹಚ್ಚಿಲ್ಲ ಎಂದು ನಾವು ಬರೆದ ಉತ್ತರಗಳು. ಒಂದಕ್ಕೆ ಹತ್ತು ನಿಮಿಷ ಇತ್ತು.

ಮಾರ್ಚ್ 24, ಸೋಮವಾರ

ದೊಡ್ಡವರಿಗೆ ಹೇಳಿದೆ. ಮೊದಲು ಸ್ಲೈಡು ತೋರಿಸಿದೆ, ಆಮೇಲೆ ಮೊಲದ ವಿಷಯ. ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ನೀನು ಕಾಯಿಲೆ ಬಿದ್ದ ಸೋಮವಾರ ನಾನು ಪಂಜರ ಎಣಿಸಿದೆ. ಒಂದು ಜಾಸ್ತಿ ಇತ್ತು. ಮೊಲ ಅಲ್ವಾ, ಜಾಸ್ತಿ ಆಗ್ತಾವೆ ಅಂದ್ಕೊಂಡೆ."

ನಗುತ್ತಾರೆಂದು ಕಾದೆ. ನಗಲಿಲ್ಲ.

"ಕಿವಿಯ ನರದ ಮೇಲೆ ಹಳೇ ಗಾಯ ಇತ್ತು ಸರ್. ಚುಚ್ಚಿದವರು ನೀವು."

"ಇದ್ದಿರಬಹುದು." ಕನ್ನಡಕ ಹಾಕಿಕೊಂಡರು. "ರಿಜಿಸ್ಟರ್‌ನಲ್ಲಿ ಏನಿದೆ?"

"ಮೂರು ಮುಗಿಯಿತು ಅಂತಿದೆ."

"ಬರೆದವರು?"

"ನಾನು."

"ಮತ್ತೆ? ಕಾಗದ ಒಂದು ಹೇಳತ್ತೆ, ಹದಿನಾಲ್ಕು ವರ್ಷದ ಮೇಲೆ ನಿನ್ನ ನೆನಪು ಇನ್ನೊಂದು ಹೇಳತ್ತೆ. ಕಮಿಟಿಯವರು ಯಾವುದನ್ನ ನಂಬ್ತಾರೆ? ನೀನೇ ಸುಳ್ಳು ಬರೆದೆ ಅಂತಾರೆ. ಆಗ ನೀನು ಮಾಡಿದ ಎಲ್ಲಾ ಪರೀಕ್ಷೆನೂ ಹೋಯ್ತು. ಬರೀ ಇದೊಂದೇ ಅಲ್ಲ."

"ಸೀರಮ್ ಕೂಡ ನೆನಪೇ ಸರ್. ಅದು ಸುಳ್ಳು ಬರೆದಿಲ್ಲ."

ಕಿಟಕಿಯ ಹೊರಗೆ ನೋಡಿದರು. ಪೈಪೆಟ್ಟು ಹಿಡಿಯುವುದನ್ನು ನನಗೆ ಕಲಿಸಿದವರು. ಹೆಬ್ಬೆರಳಲ್ಲ, ತೋರುಬೆರಳು ಎಂದು ಒಂದು ವಾರ ಪಕ್ಕದಲ್ಲಿ ನಿಂತವರು. "ಐದು ವಾರ ತಡಿಯಮ್ಮ" ಎಂದರು. "ನಾನು ಹೋಗ್ತೀನಿ. ಆಮೇಲೆ ಏನು ಬೇಕಾದ್ರೂ ಬರಿ. ಆ ಹುಡುಗಿ ಆ ಅಧ್ಯಾಯ ಒಂದನ್ನ ಬಿಡಲಿ. ಉಳಿದದ್ದಕ್ಕೆ ಇವತ್ತೇ ಸಹಿ ಹಾಕ್ತೀನಿ."

ಬೇಡುತ್ತಿದ್ದರು. ಮೊದಲ ಸಲ ಹಾಗೆ ಕೇಳಿದ ದನಿ. ಸ್ಲೈಡು ಎತ್ತಿಕೊಂಡು ಬಂದುಬಿಟ್ಟೆ.

ಮಾರ್ಚ್ 26, ಬುಧವಾರ

ಪ್ರಶ್ನೆಗೂ ಹೇಳಿದೆ. ಮೆಟ್ಟಿಲ ಮೇಲೆ, ಇಬ್ಬರೂ ನಿಂತೇ.

"ನಾಲ್ಕು ಸರಿ?"

"ನಾಲ್ಕೇ ಸರಿ."

"ಅವತ್ತು ಸರ್ ರೂಮಲ್ಲೇ ನಿಮಗೆ ಗೊತ್ತಿತ್ತು."

"ಅನುಮಾನ ಇತ್ತು."

"ನಾನು ಹತ್ತು ದಿನ ಕೂತು ಸುಳ್ಳು ಅಂಕಿ ಬರೆದೆ ಮೇಡಂ. ನೀವೇ ಬಾಟಲಿ ಎತ್ತಿಕೊಟ್ರಿ. ಹತ್ತು ದಿನ ಬಾಯಿ ಬಿಡಲಿಲ್ಲ."

"ಹದಿನಾಲ್ಕು ವರ್ಷ" ಎಂದೆ. ಲೆಕ್ಕ ತಿದ್ದಿದ ಹಾಗೆ ಕೇಳಿಸಿತು.

ಇಳಿದು ಹೋದಳು. ಅರ್ಧ ಗಂಟೆಯ ಮೇಲೆ ನನ್ನ ಬೆಂಚಿನ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಒಂದು ಪ್ರಶ್ನೆ."

"ಕೇಳು."

"ಯಾಕೆ ಬಿಟ್ರಿ ಅದನ್ನ?"

"ಕೈ ನೋಯ್ತಿತ್ತು. ಸೂಜಿ ಕಟ್ಟಿಕೊಂಡಿತ್ತು."

"ಸೂಜಿ ಬದಲಾಯಿಸಬಹುದಿತ್ತಲ್ಲ. ಡಬ್ಬಿ ಪಕ್ಕದಲ್ಲೇ ಇರತ್ತೆ."

ಡಬ್ಬಿ ಪಕ್ಕದಲ್ಲೇ ಇತ್ತು. ನೂರು ಸೂಜಿಯ ಡಬ್ಬಿ.

"ಶುಕ್ರವಾರ ನಾನು ನನ್ನ ನಾಲ್ಕನ್ನೇ ಇಡ್ತೀನಿ" ಎಂದಳು. "ಸರ್ ಸಹಿ ಹಾಕದಿದ್ದರೆ ಬೇಡ. ನೀವು ಜೊತೆಗೆ ಇರ್ತೀರೋ ಇಲ್ವೋ, ಅದನ್ನ ಮಾತ್ರ ಈಗಲೇ ಹೇಳಿ. ಆಮೇಲೆ ಹಿಂದೆ ತಿರುಗಿ ನೋಡೋ ಹಾಗೆ ಮಾಡಬೇಡಿ."

ನೋಡೋಣ ಎಂದೆ. ಬಹಳ ಕೆಟ್ಟ ಮಾತು ಅದು.

ಮಾರ್ಚ್ 27, ಗುರುವಾರ

ಅತ್ತೆ ಈಗ ಪೇಪರಿನ ಸಣ್ಣ ಅಕ್ಷರವನ್ನೂ ಓದುತ್ತಾರೆ. ಜಾಹೀರಾತು, ಕಾಣೆಯಾದವರು, ಎಲ್ಲ. ಮಡಿಸಿಟ್ಟು ನನ್ನನ್ನು ನೋಡಿದರು.

"ಅವತ್ತು ಕೇಳಿದ್ದಕ್ಕೆ ನೀನು ಹೇಳಲೇ ಇಲ್ಲ. ಆ ಮೊಲ ಆಮೇಲೆ ಏನಾಗತ್ತೆ?"

ಹೇಳಿದೆ. ಎಲ್ಲ ಮೊಲಗಳಿಗೆ ಏನಾಗುತ್ತದೆ ಎಂದು ಮೊದಲು. ಆಮೇಲೆ ಆ ಒಂದು. ಕಾಮಾಲೆ ಅವರಿಗೆ ಚೆನ್ನಾಗಿ ನೆನಪಿದೆ, ಮೂರು ವಾರ ನನ್ನ ತಲೆದಿಂಬು ಬದಲಾಯಿಸಿದವರು ಅವರೇ.

"ಜ್ವರದಲ್ಲಿ ಏನೇನೋ ಅಂತಿದ್ದೆ ಆಗ. ಬಾಗಿಲು ಹಾಕಿದೀರಾ, ಬಾಗಿಲು ಹಾಕಿದೀರಾ ಅಂತ. ನಾವು ಮನೆ ಬಾಗಿಲು ಅಂದ್ಕೊಂಡು ದಿನಾ ಎರಡೆರಡು ಸಲ ನೋಡಿ ಬರ್ತಿದ್ವಿ."

ಇದು ನನಗೆ ಗೊತ್ತಿರಲಿಲ್ಲ.

ಅತ್ತೆ ಮತ್ತೆ ಕೇಳಿದರು — "ಈಗ ನಿಂಗೆ ಬೇಜಾರು ಯಾವುದಕ್ಕೆ? ಒಂದನ್ನ ಬಿಟ್ಟೆ ಅಂತಲೋ, ಎರಡನ್ನ ಕೊಂದೆ ಅಂತಲೋ?"

ಗೊತ್ತಿಲ್ಲ ಎಂದೆ.

"ಗೊತ್ತಿಲ್ಲದೆ ಏನು. ಹೇಳೋಕೆ ನಾಚಿಕೆ." ಮತ್ತೆ ಪೇಪರು ಬಿಚ್ಚಿದರು. "ಆ ಹುಡುಗಿ ಒಬ್ಬಳೇ ನಿಲ್ಲಬೇಕಾ ನಾಳೆ?"

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 8.40, ಮೊಲದ ಮನೆ

ಕಮಿಟಿ ಹನ್ನೊಂದಕ್ಕೆ. ಮೊಲದಪ್ಪ ಹಳೆಯ ಬೀರುವಿನಿಂದ ರಿಜಿಸ್ಟರ್ ಹುಡುಕಿ ತೆಗೆದುಕೊಟ್ಟ. ಅಂಚು ಇಲಿ ತಿಂದಿದೆ, ಆ ಪುಟ ಚೆನ್ನಾಗಿದೆ. ಈ ದಿನಚರಿಯನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪಂಜರಗಳಲ್ಲಿ ಹುಲ್ಲು ಕಡಿಯುವ ಸದ್ದು.

"ನನ್ನನ್ನೂ ಕರೀರಿ ಮೇಡಂ" ಎಂದ. "ಕಿವಿ ನೋಡಿದೋನು ನಾನು. ಕೇಳಿದರೆ ಹೇಳ್ತೀನಿ. ಈ ಸಲ ಕೇಳದಿದ್ದರೂ ಹೇಳ್ತೀನಿ."

ಕರೆಯುತ್ತೇನೆ ಎಂದೆ. ಪ್ರಶ್ನೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ತಟ್ಟೆ, ಹೊಸದಾಗಿ ಕೊಯ್ದ ಗಂಟುಗಳು. ನಾನು ಬರುತ್ತೇನೆ ಎಂದು ಅವಳಿಗೆ ಹೇಳಿದ್ದಾಯಿತು. ತಲೆ ಆಡಿಸಿದಳು, ಅಷ್ಟೇ. ಅದಕ್ಕಿಂತ ಹೆಚ್ಚು ಕೊಡುವ ಬಾಕಿ ಅವಳಿಗಿಲ್ಲ.

ದೊಡ್ಡವರ ಕಾರು ಬಂತು. ಕಿಟಕಿಯಿಂದ ನನ್ನನ್ನು ನೋಡಿದರು, ರಿಜಿಸ್ಟರನ್ನೂ ನೋಡಿದರು. ಒಳಗೆ ಬರಲಿಲ್ಲ. ಒಂದು ಕ್ಷಣ ನಿಂತು ಆಫೀಸಿನ ಕಡೆ ಹೋದರು, ಚೀಲವನ್ನು ಯಾವತ್ತೂ ಹಿಡಿಯದ ಎಡಗೈಯಲ್ಲಿ ಹಿಡಿದುಕೊಂಡು.

'ಮೊಲ 3 — ಮುಗಿಯಿತು.' ಅಕ್ಷರ ದುಂಡಗಿದೆ. ಆಗ ನನ್ನ ಅಕ್ಷರ ಚೆನ್ನಾಗಿತ್ತು.

3ರ ಮೇಲೆ ಒಂದು ಗೆರೆ ಎಳೆದೆ. ಕೆಳಗಿನದು ಕಾಣುವ ಹಾಗೆ. ಪಕ್ಕದಲ್ಲಿ 2. ಸಹಿ ಮಾಡಿದೆ. ಇವತ್ತಿನ ತಾರೀಖು ಹಾಕಿದೆ.

ಕಾರಣ: ಸೂಜಿ — ಎಂದು ಶುರು ಮಾಡಿ, ಅದರ ಮೇಲೂ ಒಂದು ಗೆರೆ ಎಳೆದೆ. ಮತ್ತೆ ಸಹಿ, ಮತ್ತೆ ತಾರೀಖು. ಜಾಗ ಇನ್ನು ಒಂದೇ ಸಾಲು ಉಳಿದಿದೆ. ಸಣ್ಣದಾಗಿ ಬರೆಯಬೇಕು. ಇಲ್ಲಿ ಮೊದಲು ಬರೆದು ನೋಡಿ, ಆಮೇಲೆ ಅಲ್ಲಿ.

ಕಾರಣ: ಹೆಬ್ಬೆರಳಿನ ಕೆಳಗೆ ಅದರ ಎದೆ ಬಡಿಯುತ್ತಿತ್ತು, ಚುಚ್ಚಲಾಗಲಿಲ್ಲ.